ಆಗುಂಬೆ ತಿರುವಿನಲ್ಲಿ ಹಿಂಚಕ್ರದ ಲೆಕ್ಕ

ಸೋಮೇಶ್ವರ ದಾಟಿದೊಡನೆ ರಸ್ತೆ ಏರತೊಡಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದು ಭೌತಶಾಸ್ತ್ರದ ಪಾಠವೇ ಸರಿ.

ಅದರ ಹಿಂದಿನ ಎರಡು ಚಕ್ರಗಳ ಅಂತರ ಸುಮಾರು 1.2 ಮೀಟರ್. ಕಾರು ಅರ್ಧವೃತ್ತ ತಿರುಗಿದಾಗ ಹೊರಚಕ್ರ 3.14 × 1.2, ಅಂದರೆ ಸುಮಾರು 3.8 ಮೀಟರ್ ಹೆಚ್ಚು ಓಡಬೇಕು. ತಿರುವು ಹಿರಿದಿರಲಿ, ಕಿರಿದಿರಲಿ, ಲೆಕ್ಕ ಅಷ್ಟೇ! ಇದನ್ನು ಸರಿದೂಗಿಸುವುದು ಡಿಫರೆನ್ಷಿಯಲ್. ಆದರೆ ಒಂದು ಚಕ್ರ ಕೆಸರಿಗಿಳಿದರೆ ಅದು ಗರಗರ ತಿರುಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ.

ಕೆಲವರು ಏರಿಗೆ ಅನುಕೂಲವೆಂದು ಕ್ರೌನ್-ಪಿನಿಯನ್ ಹಲ್ಲುಗಳ ಅನುಪಾತ ಹೆಚ್ಚಿಸುತ್ತಾರೆ. ಬಲ ಬರುತ್ತದೆ ನಿಜ. ಬಯಲಿನಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಹೊರೆ ತಡೆಯುತ್ತದೆ. ಖಾಲಿ ಕಾರು ಮಾತ್ರ ಕುಣಿಯುತ್ತದೆ, ಚಕ್ರದ ಹಿಡಿತ ಸಡಿಲಾಗುತ್ತದೆ. ಏನೇ ಬದಲಿಸಿದರೂ ಎರಡೂ ಬದಿಗೆ ಸಮನಾಗಿ, ಶಾಕ್ ಅಬ್ಸಾರ್ಬರ್ ಸಹಿತ.

ಪಾಲಕರೇ, ಮಕ್ಕಳನ್ನು ಹಿಂದೆ ಕೂರಿಸಿ ಘಾಟಿ ಇಳಿಯುವ ಮುನ್ನ ಇವನ್ನೂ ಬ್ರೇಕನ್ನೂ ಪರೀಕ್ಷಿಸಿ.

ವಿದ್ಯಾರ್ಥಿಗಳೇ, ಆಗುಂಬೆಯ ಸೂರ್ಯಾಸ್ತಕ್ಕೆ ಕಾಯುವಾಗ ಯೋಚಿಸಿ: ಇಷ್ಟೆಲ್ಲ ತಿರುವು ಮುಗಿದ ಮೇಲೂ ಎರಡೂ ಚಕ್ರಗಳ ಒಟ್ಟು ಓಟ ಬಹುತೇಕ ಸಮನೇ. ಏಕೆ? ಎಡ-ಬಲ ತಿರುವುಗಳನ್ನು ಕೂಡಿಸಿ, ಕಳೆದು ನೋಡಿ!