ಏಳು ಸುತ್ತಿನ ಕೋಟೆ, ಮೇಲೆ ಆಕಾಶ

ಮೂರು ರಾಯರ ಹಬ್ಬ ಮುಗಿದು ಗೋದಲಿ ಬಿಚ್ಚಿದ ಮೇಲೆ, ಉಳಿದ ರಟ್ಟು, ಥರ್ಮಾಕೋಲುಗಳಿಂದ ನಮ್ಮ ಕಿರಿಮಗಳು ಒಂದು ಕೋಟೆ ಕಟ್ಟಿದಳು. ಒಂದರೊಳಗೊಂದು ಏಳು ಗೋಡೆ. ಚಿತ್ರದುರ್ಗವೇನಮ್ಮಾ ಎಂದು ಕೇಳಿದೆವು. ಅಲ್ಲವಂತೆ, ಅದು ಮಿನಾಸ್ ತಿರಿತ್. ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ರಾಜಧಾನಿ. ಜಪಸರ, ಊಟ ಎಲ್ಲ ಆದ ಮೇಲೆ ಆ ಪುಸ್ತಕದ ನಾಲ್ಕೈದು ಪುಟ ಓದಿ ಕನ್ನಡದಲ್ಲಿ ಹೇಳುವುದು ಆಗ ನಮ್ಮ ಮನೆಯ ರೂಢಿಯಾಗಿತ್ತು.

ಹಿರಿಮಗ ಆ ವರ್ಷ ಪ್ರವೇಶ ಪರೀಕ್ಷೆಯಲ್ಲಿ ಸೀಟು ತಪ್ಪಿ, ಎರಡನೇ ಸಲ ಬರೆಯಲು ಮನೆಯಲ್ಲೇ ಓದುತ್ತಿದ್ದ. ಕೋಣೆಯಿಂದ ಹೊರಗೆ ಬರುವುದೇ ಅಪರೂಪ. ಬಂದವನು ಕೋಟೆ ನೋಡಿ, "ಮೇಲಿಂದ ಹಾರಿ ಬಂದ್ರೆ ಏನ್ ಮಾಡ್ತೀಯ?" ಎಂದ. ಅವಳು ಸೊಳ್ಳೆಪರದೆಯ ತುಂಡೊಂದನ್ನು ತಂದು ಕೋಟೆಗೆ ಹೊದಿಸಿದಳು! ನಮಗೆಲ್ಲ ನಗು.

ಆದರೆ ಪ್ರಶ್ನೆ ಸರಿಯಾದದ್ದೇ. ಆ ನಗರದ ಹೊರಗೋಡೆಯನ್ನು ಒಡೆಯುವ ಶಕ್ತಿ ಶತ್ರುವಿಗೂ ಇರಲಿಲ್ಲ. ಅವನು ಕಳುಹಿಸಿದ್ದು ನಾಜ್ಗುಲ್‌ಗಳನ್ನು. ಒಂದು ಕಾಲದಲ್ಲಿ ಮನುಷ್ಯರಾಗಿದ್ದು, ಉಂಗುರದ ಆಸೆಗೆ ನೆರಳಾಗಿಹೋದವರು. ಗರಿಯಿಲ್ಲದ ದೈತ್ಯ ಹಕ್ಕಿಗಳಂತಹ ಪ್ರಾಣಿಗಳನ್ನೇರಿ, ಬಾಣಕ್ಕೆ ಸಿಗದ ಎತ್ತರದಲ್ಲಿ ಸುತ್ತುತ್ತಾರೆ. ಬೆಂಕಿ ಸುರಿಯುವುದಿಲ್ಲ, ಕಲ್ಲು ಹಾಕುವುದಿಲ್ಲ. ಬರೀ ಕೂಗುತ್ತಾರೆ. ಆ ಕೂಗು ಕೇಳಿದರೆ ಸಾಕು, ಎಂಥ ವೀರನ ಕೈಯಿಂದಲೂ ಆಯುಧ ಜಾರಿ ಬೀಳುತ್ತದೆ. ಇನ್ನು ಹೋರಾಡಿ ಫಲವಿಲ್ಲ ಅನ್ನಿಸಿಬಿಡುತ್ತದೆ.

ಟೋಲ್ಕಿನ್ನರಿಗೆ ಇದು ಬರೀ ಕಲ್ಪನೆಯಾಗಿರಲಿಲ್ಲ. 1916ರಲ್ಲಿ ಸೋಮ್ ಕದನದಲ್ಲಿ ಇದ್ದವರು. ಎರಡನೇ ಮಹಾಯುದ್ಧದಲ್ಲಿ ಆಕ್ಸ್‌ಫರ್ಡಿನಲ್ಲಿ ವಾಯುದಾಳಿ ಕಾವಲಿನ ಸರದಿ ಮಾಡಿದವರು. ಮಗ ಮೈಕಲ್ 1940ರಲ್ಲಿ ವಿಮಾನ ನಿಲ್ದಾಣಗಳ ರಕ್ಷಣೆಗೆ ವಿಮಾನನಿರೋಧಕ ಫಿರಂಗಿಯ ಬಳಿ ನಿಂತವನು. ಹಿರಿಯ ಮಗ ಜಾನ್ ಮುಂದೆ ಗುರುವಾದ. ಎಂಟು ವರ್ಷದವರಿದ್ದಾಗ ತಾಯಿಯೊಡನೆ ಕಥೋಲಿಕ ಸಭೆಗೆ ಬಂದ ಟೋಲ್ಕಿನ್ನರು ಕೊನೆಯವರೆಗೂ ಪೂಜೆ ತಪ್ಪಿಸಿಕೊಳ್ಳಲು ಇಷ್ಟಪಡದ ಭಕ್ತರು.

ಆ ದಾಳಿಗೆ ಅವರು ಕಾಣಿಸಿದ ಎದುರೇಟು ಏನು ಗೊತ್ತೇ? ಬಿಳಿಯುಡುಪಿನ ಗ್ಯಾಂಡಾಲ್ಫ್ ಗೋಡೆಯುದ್ದಕ್ಕೂ ನಡೆದಾಡುತ್ತಾನೆ. ಅವನು ಬಂದಲ್ಲಿ ಜನ ತಲೆ ಎತ್ತುತ್ತಾರೆ. ಅವನು ಮುಂದೆ ಹೋದೊಡನೆ ಮತ್ತೆ ಕತ್ತಲು. ಆದ್ದರಿಂದ ಅವನು ಸುತ್ತುತ್ತಲೇ ಇರಬೇಕು.

ನಗರದ ಒಡೆಯ ಡೆನೆಥೊರ್ ಮಾತ್ರ ಏಳನೆಯ ಸುತ್ತಿನ ಗೋಪುರದಲ್ಲಿ ಕುಳಿತು, ದೂರದ್ದನ್ನು ತೋರಿಸುವ ಕಲ್ಲಿನೊಳಗೆ ನೋಡುತ್ತಾನೆ. ಕಲ್ಲು ಸುಳ್ಳು ಹೇಳುವುದಿಲ್ಲ. ಆದರೆ ಶತ್ರು ತೋರಿಸಬಯಸಿದ್ದಷ್ಟೇ ಅದರಲ್ಲಿ ಕಾಣುತ್ತದೆ. ಕಪ್ಪು ಹಾಯಿಯ ಹಡಗುಗಳು ಬರುವುದನ್ನು ಕಂಡು ಎಲ್ಲ ಮುಗಿಯಿತು ಎಂದುಕೊಳ್ಳುತ್ತಾನೆ. ಆ ಹಡಗುಗಳಲ್ಲಿ ಬರುತ್ತಿದ್ದವನು ನೆರವಿನ ಅರಗೊರ್ನ್! ಜ್ವರದಲ್ಲಿ ಬಿದ್ದಿದ್ದ ಮಗ ಫಾರಮಿರ್‌ನನ್ನು ಇನ್ನೂ ಉಸಿರಿರುವಾಗಲೇ ಚಿತೆಗೆ ಏರಿಸಲು ಹೊರಡುತ್ತಾನೆ.

ಈ ಭಾಗ ಓದಿದ ರಾತ್ರಿ ಮಗಳು ಕೇಳಿದಳು: "ನೀವಿಬ್ರೂ ಅಡುಗೆಮನೇಲಿ ಅಣ್ಣನ ವಿಷಯ ಮಾತಾಡ್ತೀರಲ್ಲ, ಹಾಗೇನಾ?"

ಹೌದು, ಮಾತಾಡುತ್ತಿದ್ದೆವು. ಅಂಕಪಟ್ಟಿ ಹಿಡಿದು, ಅಕ್ಕಪಕ್ಕದ ಮಕ್ಕಳ ಹೆಸರು ಹೇಳಿ, ಇವನ ಬದುಕು ಇನ್ನು ಇಷ್ಟೇ ಎಂದು. ಅಂಕಪಟ್ಟಿಯೂ ಸುಳ್ಳು ಹೇಳಿರಲಿಲ್ಲ. ಬಾಗಿಲು ಹಾಕಿದ್ದರಿಂದ ಅವನಿಗೆ ಕೇಳುವುದಿಲ್ಲ ಎಂದುಕೊಂಡಿದ್ದೆವು. ಅವನು ಅಲ್ಲೇ ಕುಳಿತಿದ್ದ, ತಲೆ ಎತ್ತಲಿಲ್ಲ. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

ಮರುದಿನ ಅವನ ಕೋಣೆಗೆ ಹೋಗಿ ತಪ್ಪಾಯಿತು ಎಂದೆವು. ಮಕ್ಕಳ ಮುಂದೆ ಹಾಗೆ ಹೇಳಿ ನಮಗೆ ಅಭ್ಯಾಸವಿರಲಿಲ್ಲ, ಮಾತು ತಡವರಿಸಿತು. "ಪರವಾಗಿಲ್ಲ ಬಿಡಿ" ಎಂದನಷ್ಟೇ. ವಾರ ಕಳೆಯುವುದರೊಳಗೆ ಹಳೆಯ ಮಾತು ಮತ್ತೆ ನಮ್ಮ ಬಾಯಿಗೆ ಬಂತು, ಮತ್ತೆ ಹೋಗಿ ಕ್ಷಮೆ ಕೇಳಿದೆವು. ಎಷ್ಟು ಸಲ ಹಾಗಾಯಿತೋ ಲೆಕ್ಕವಿಟ್ಟಿಲ್ಲ. ಸಂಜೆ ಓದು ಸಾಕು ಮಾಡಿಸಿ ಅಂಗಡಿಯವರೆಗೆ ಜೊತೆಯಲ್ಲಿ ಕರೆದುಕೊಂಡು ಹೋಗತೊಡಗಿದೆವು. ಮಾತು ಮೊದಲು ಕ್ರಿಕೆಟ್ಟಿನದೇ, ಆಮೇಲೆ ಉಳಿದದ್ದು.

ಎರಡನೇ ಸಲವೂ ಅವನಿಗೆ ಆ ಸೀಟು ಸಿಗಲಿಲ್ಲ. ಬಿ.ಎಸ್ಸಿ.ಗೆ ಸೇರಿದ.

ಕಥೆಯ ಕೊನೆಯಲ್ಲಿ ನಗರದವರು ಮತ್ತೆ ಆಕಾಶ ನೋಡುತ್ತಾರೆ. ಬರುವುದು ಹದ್ದು, ಜಯದ ಸುದ್ದಿ ಹಾಡುತ್ತಾ. ಶತ್ರು ಬಿದ್ದ ದಿನ ಮಾರ್ಚ್ 25, ನಮ್ಮ ಮಂಗಳವಾರ್ತೆಯ ಹಬ್ಬ. ಅದನ್ನು ಓದಿದ ಮರುದಿನ ಸೊಳ್ಳೆಪರದೆ ತೆಗೆದಿತ್ತು. ಹಳೆಯ ಲಗ್ನಪತ್ರಿಕೆಯಿಂದ ಕತ್ತರಿಸಿದ ಹದ್ದೊಂದು ಕೋಟೆಯ ಮೇಲೆ ದಾರದಲ್ಲಿ ತೂಗುತ್ತಿತ್ತು. ಮಗಳನ್ನು ಕೇಳಿದರೆ, "ನಾನಲ್ಲ, ಅಣ್ಣ" ಎಂದಳು.