ರಜೆ ಒಂದು ದಿನ, ವೋಟು ಇನ್ನೊಂದು ದಿನ

ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರ ಮಾರ್ಚ್‌ನಲ್ಲಿ. ಧಾರವಾಡದ ಹಾಸ್ಟೆಲಿನಲ್ಲಿದ್ದ ನಾವು ಸಂವಿಧಾನದ 61ನೇ ತಿದ್ದುಪಡಿಯನ್ನು ಪರೀಕ್ಷೆಗೆ ಬರಬಹುದಾದ ಪ್ರಶ್ನೆ ಎಂದಷ್ಟೇ ಓದಿಕೊಂಡಿದ್ದೆವು. ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ ಬಂದಾಗಲೇ ಅದು ನಮಗೂ ಸಂಬಂಧಪಟ್ಟದ್ದು ಎಂದು ಹೊಳೆದದ್ದು.

ಪಟ್ಟಿಗೆ ಹೆಸರು ಸೇರಿಸಲು ನಾನೇನೂ ಓಡಾಡಲಿಲ್ಲ. ಸವಣೂರು ಕಡೆಯ ನಮ್ಮೂರಿನಲ್ಲಿ ಶಾಲೆಯ ಮಾಸ್ತರರು ಮನೆಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತೇ ಎಲ್ಲರ ಹೆಸರು, ವಯಸ್ಸು ಬರೆಸಿದ್ದ. ಅವ್ವನ ವಯಸ್ಸು ಅಂದಾಜಿನದು. ಮದುವೆಯಾಗಿ ಹೋದ ಅಕ್ಕನ ಹೆಸರೂ ಅಲ್ಲೇ ಉಳಿದಿತ್ತು. ಹಾಸ್ಟೆಲಿನ ವಿಳಾಸದಲ್ಲಿ ಹೆಸರು ಬರೆಸುವ ಮಾತನ್ನು ಯಾರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಕಷ್ಟವಿದ್ದದ್ದು ಊರು ಮುಟ್ಟುವುದರಲ್ಲಿ. ಬಸ್ಸುಗಳು ಚುನಾವಣೆ ಡ್ಯೂಟಿಗೆ ಹೋಗಿದ್ದವು. ಹುಬ್ಬಳ್ಳಿ ದಾಟಿದ ಮೇಲೆ ನಿಂತೇ ಪ್ರಯಾಣ, ಕೊನೆಗೆ ಒಂದು ಪಕ್ಷದ ಜೀಪು. ಹತ್ತಿಸಿಕೊಂಡವರು ದಾರಿಯುದ್ದಕ್ಕೂ ತಮ್ಮ ಗುರುತು ನೆನಪಿಸುತ್ತಲೇ ಇದ್ದರು. ಮತಗಟ್ಟೆಯಲ್ಲಿ ತೋರಿಸಲು ಫೋಟೊ ಇರುವ ಗುರುತಿನ ಚೀಟಿ ಆಗ ಇರಲಿಲ್ಲ. ಅದು ಶುರುವಾದದ್ದು ಮುಖ್ಯ ಚುನಾವಣಾ ಆಯುಕ್ತ ಶೇಷನ್ ಕಾಲದಲ್ಲಿ, 1993ರಲ್ಲಿ. ಬಂದವನು ಪಟ್ಟಿಯಲ್ಲಿರುವ ಮನುಷ್ಯನೇ ಅಲ್ಲ ಎಂದು ತಕರಾರು ತೆಗೆಯಲು ಪಕ್ಷದ ಏಜೆಂಟ್ 2 ರೂಪಾಯಿ ಕಟ್ಟಬೇಕಿತ್ತು. ನಾನು ಯಾರ ಮಗನೆಂಬುದು ಎಲ್ಲ ಏಜೆಂಟರಿಗೂ ಗೊತ್ತಿದ್ದರಿಂದ ಯಾರೂ ಕಿಸೆಗೆ ಕೈ ಹಾಕಲಿಲ್ಲ.

ಒಳಗೆ ಎರಡು ಮತಪತ್ರ, ಬಾಣದ ಗುರುತಿನ ಮೊಹರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಚಬೇಕು. ಹಿಂದುಮುಂದಾದರೆ ಹಸಿ ಮಸಿ ಇನ್ನೊಬ್ಬ ಅಭ್ಯರ್ಥಿಯ ಸಾಲಿಗೆ ಅಂಟಿಕೊಳ್ಳುತ್ತಿತ್ತು. ಹೊರಗೆ ಬಂದ ಮೇಲೆ ಗೆಳೆಯರ ನಡುವೆ ಚರ್ಚೆ ನಡೆದದ್ದು ಯಾರು ಗೆಲ್ಲುತ್ತಾರೆಂದಲ್ಲ, ಯಾರ ಮತ ಕುಲಗೆಟ್ಟಿರಬಹುದೆಂದು. ಆ ಕಾಲವೇ ಚೆಂದವಿತ್ತು ಎನ್ನಲಾರೆ. ಮನೆಯ ವೋಟೆಲ್ಲ ಯಾರಿಗೆಂಬುದು ಮೊದಲೇ ಕಟ್ಟೆಯ ಮೇಲೆ ತೀರ್ಮಾನವಾಗಿರುತ್ತಿತ್ತು.

ಈಗ ಅಣ್ಣನ ಮಗಳು ಬೆಂಗಳೂರಿನ ಪಿಜಿಯೊಂದರಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ನ್ನು ಫೋನಿನಲ್ಲೇ ತುಂಬಿದಳು. ನಮ್ಮ ಕಾಲಕ್ಕೆ ಜನವರಿ 1ಕ್ಕೆ ವಯಸ್ಸು ತುಂಬಿರಬೇಕಿತ್ತು. ಜನವರಿ 2ರಂದು ಹುಟ್ಟಿದವನು ಮುಂದಿನ ವರ್ಷದ ಪಟ್ಟಿಗೆ ಕಾಯಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳೂ ಸೇರಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಓದಲು ಹೊರಗಿರುವವರು ತಂದೆತಾಯಿಯ ಊರಿನಲ್ಲಾಗಲಿ ಹಾಸ್ಟೆಲಿರುವ ಊರಿನಲ್ಲಾಗಲಿ ಹೆಸರು ಬರೆಸಬಹುದು, ಎರಡೂ ಕಡೆ ಇರುವಂತಿಲ್ಲ. ಪಿಜಿ ಮಾಲೀಕರು ಬಾಡಿಗೆ ಕರಾರು ಬರೆದುಕೊಡಲು ಒಪ್ಪದ ಕಾರಣ ಅವಳು ಊರನ್ನೇ ಆರಿಸಿಕೊಂಡಳು.

2024ರ ಲೋಕಸಭಾ ಚುನಾವಣೆ ರಾಜ್ಯದಲ್ಲಿ ಎರಡು ಹಂತದಲ್ಲಿ ನಡೆಯಿತು. ಬೆಂಗಳೂರಿಗೆ ಏಪ್ರಿಲ್ 26, ನಮ್ಮ ಊರಿನ ಕ್ಷೇತ್ರಕ್ಕೆ ಮೇ 7. ಫೋನ್ ಮಾಡಿ ಅಂದಳು: "ಕಾಕಾ, ವೋಟ್ ಇಲ್ಲದ ದಿನ ರಜಾ ಕೊಟ್ಟಾರ. ವೋಟ್ ಇದ್ದ ದಿನ ಟೆಸ್ಟ್ ಇಟ್ಟಾರ." ಊರಿಗೆ ಬರಲಿಲ್ಲ, ಟೆಸ್ಟ್ ಬರೆದಳು. ಬರಬೇಕಿತ್ತು ಎಂದು ನಾನೂ ಅನ್ನಲಿಲ್ಲ.

ಕೂಲಿ, ಸಂಬಳಕ್ಕೆ ದುಡಿಯುವವರಿಗೆ ಈ ತೊಡಕು ಇಷ್ಟಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿದ 135ಬಿ ಕಲಮಿನ ಪ್ರಕಾರ ಮತದಾನದ ದಿನ ಅವರಿಗೆ ಸಂಬಳಸಹಿತ ರಜೆ ಕೊಡಲೇಬೇಕು. ವಿದ್ಯಾರ್ಥಿ ನೌಕರನಲ್ಲ, ಹಾಗಾಗಿ ಆ ಕಲಮಿನೊಳಗೆ ಬರುವುದಿಲ್ಲ. ಅಂಚೆ ಮತವೂ ಅವನಿಗಿಲ್ಲ. ಇದ್ದಲ್ಲಿಂದಲೇ ತನ್ನ ಕ್ಷೇತ್ರಕ್ಕೆ ಮತ ಹಾಕುವ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ಒಪ್ಪಲಿಲ್ಲ.

ಕಾಲೇಜುಗಳೇ ಪ್ರತಿವರ್ಷ ಜನವರಿ 25ಕ್ಕೆ ಮತದಾರರ ದಿನ ಆಚರಿಸಿ ಹುಡುಗರಿಂದ ಪ್ರತಿಜ್ಞೆ ಮಾಡಿಸುತ್ತವೆ. ವಿದ್ಯಾರ್ಥಿಯ ಕ್ಷೇತ್ರದಲ್ಲಿ ಮತದಾನವಿರುವ ದಿನ ಅವನ ಗೈರುಹಾಜರಿ ಲೆಕ್ಕಕ್ಕೆ ಹಿಡಿಯದೆ, ತಪ್ಪಿದ ಟೆಸ್ಟನ್ನು ಮತ್ತೊಂದು ದಿನ ಬರೆಸಿದರೆ ಆ ಪ್ರತಿಜ್ಞೆಗೂ ಬೆಲೆ ಬಂದೀತು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.