ಹೊಸಬರಿಗೊಂದು ರಾಡು, ಹಳಬರಿಗೊಂದು ರೀಲು

ಮೊದಲೇ ಹೇಳಿಬಿಡ್ತೀನಿ, ಇದು ಮೀನಿನ ವಿಷಯ. ಸಸ್ಯಾಹಾರಿ ಮಿತ್ರರು ಮುಂದಿನ ಬರಹಕ್ಕೆ ಕಾಯಬಹುದು, ಇಲ್ಲವೇ ಮಧ್ಯದಲ್ಲಿ ಬರುವ ಗುಣಾಕಾರ ಭಾಗಾಕಾರವನ್ನಷ್ಟೇ ಓದಿಕೊಂಡು ಹೋಗಬಹುದು :-)

ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ ಬೆಂಗಳೂರಿನಲ್ಲಿ ಕೋಡ್ ಬರೆಯುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಓದಿದ್ದು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಉಪಯೋಗಕ್ಕೆ ಬಂತು. ಅದೂ ಆಫೀಸಿನಲ್ಲಲ್ಲ, ಮೀನು ಹಿಡಿಯುವ ಒಂದು ರಾಡು ಮತ್ತು ರೀಲು ಕೊಳ್ಳುವಾಗ. ಸಮುದ್ರದ ಮಧ್ಯೆ ದೋಣಿ ನಿಲ್ಲಿಸಿ ಜಿಗ್ ಹಾಕಿ ಮೀನು ಹಿಡಿಯುವುದಕ್ಕೆ ಹೊಸಬರು ಎಂಥದ್ದು ಕೊಳ್ಳಬೇಕು ಎಂಬ ಪ್ರಶ್ನೆ ಹಿಡಿದುಕೊಂಡು ಮಳೆಗಾಲದ ಎರಡು ತಿಂಗಳು ಕಳೆದೆ. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, 61 ದಿನ. ನಾಡದೋಣಿಯವರಿಗೂ ಆ ಕಡಲಿನಲ್ಲಿ ಹೊರಗೆ ಹೋಗುವುದು ಸುಲಭವಲ್ಲ. ಲೆಕ್ಕ ಹಾಕಲು ಅದಕ್ಕಿಂತ ಒಳ್ಳೆಯ ಸಮಯ ಯಾವುದಿದೆ ಹೇಳಿ.

ಜಿಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಅದೊಂದು ಸೀಸದ ತುಂಡು. ಸಣ್ಣ ಮೀನಿನ ಆಕಾರ, ಮೈಮೇಲೆ ಬೆಳ್ಳಿಯಂಥ ಮಿನುಗು, ತಲೆಯ ಹತ್ತಿರ ಗಟ್ಟಿ ದಾರದಲ್ಲಿ ನೇತಾಡುವ ಒಂದೋ ಎರಡೋ ಕೊಕ್ಕೆ. ಎರೆ ಬೇಡ. ದೋಣಿಯಿಂದ ನೇರ ಕೆಳಗೆ ತಳ ಮುಟ್ಟುವ ತನಕ ಬಿಡುವುದು, ಆಮೇಲೆ ರಾಡನ್ನು ಎತ್ತುತ್ತಾ ರೀಲು ಸುತ್ತುತ್ತಾ ಮೇಲಕ್ಕೆ ಕುಣಿಸುವುದು. ಗಾಯಗೊಂಡ ಬಂಗುಡೆಯೋ ಬೂತಾಯಿಯೋ ಒದ್ದಾಡಿಕೊಂಡು ಓಡುತ್ತಿದೆ ಅಂದುಕೊಂಡು ದೊಡ್ಡ ಮೀನು ಬಂದು ಕಚ್ಚುತ್ತದೆ. ಈ ಆಟವನ್ನು ಶಾಸ್ತ್ರದ ಮಟ್ಟಕ್ಕೆ ಬೆಳೆಸಿದವರು ಜಪಾನಿನವರು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹೊಸಬ ನಾನಲ್ಲ, ನಮ್ಮ ಅಪ್ಪಯ್ಯ.

ನಮ್ಮೂರು ಕುಂದಾಪುರದ ಕಡೆ, ಗಂಗೊಳ್ಳಿಯ ಆಸುಪಾಸು. ಅಪ್ಪಯ್ಯ ಸುಮಾರು ನಲವತ್ತು ವರ್ಷ ಕಡಲಿಗೆ ಹೋದವರು. ಬಲೆಯ ಕೆಲಸದ ಜೊತೆಗೆ ಅವರಿಗೆ ಇಷ್ಟದ್ದು ಅಂದರೆ ಗಾಳ. ರಾಡೂ ಇಲ್ಲ, ರೀಲೂ ಇಲ್ಲ, ಕೈಯಲ್ಲಿ ನೈಲಾನ್ ದಾರ, ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು. ಮೂರು ವರ್ಷದ ಹಿಂದೆ ಒಂದು ದೊಡ್ಡ ಅಂಜಲ್ ಓಡಿದ ರಭಸಕ್ಕೆ ದಾರ ಆ ಟ್ಯೂಬನ್ನೂ ದಾಟಿ ಬಲಗೈಯ ಎರಡು ಬೆರಳುಗಳ ಒಳಗೆ ಇಳಿಯಿತು. ಗಾಯ ಮಾಗಿತು. ಆದರೆ ತೋರುಬೆರಳು ಮತ್ತು ನಡುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ, ದಾರ ಹಿಡಿದರೆ ಹಿಡಿತ ನಿಲ್ಲುವುದಿಲ್ಲ. ಅಂದಿನಿಂದ ಅವರು ದಡದಲ್ಲಿ ಕೂತು ಬೇರೆಯವರ ಬಲೆ ಸರಿ ಮಾಡುತ್ತಾರೆ. ಕಡಲಿಗೆ ಹೋಗುವ ಮಾತು ಬಂದರೆ "ನಂದ್ ಆಯ್ತ್" ಅನ್ನುತ್ತಾರೆ. ಮನೆಗೆ ಹೋದಾಗಲೆಲ್ಲ ಆ ಎರಡು ಪದ ಕೇಳುವುದು ನನಗೆ ಕಷ್ಟವಾಗುತ್ತಿತ್ತು. ಅಳುತ್ತಾ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವರು ಹವಾಮಾನ ವರದಿ ಹೇಳುವ ಹಾಗೆ ಹೇಳುತ್ತಿದ್ದರು.

ಹಾಗಾಗಿ ನನ್ನ ಮುಂದಿದ್ದ ಪ್ರಶ್ನೆ "ಒಳ್ಳೆಯ ರಾಡು ಯಾವುದು" ಅನ್ನುವುದಲ್ಲ, "ಆ ಬೆರಳುಗಳು ಮಾಡುತ್ತಿದ್ದ ಕೆಲಸವನ್ನು ಯಾವ ಸಾಮಾನು ಮಾಡುತ್ತದೆ" ಅನ್ನುವುದು.

ಸಾಮಾನ್ಯವಾಗಿ ಎಲ್ಲರೂ ಕಂಪನಿ ಹೆಸರಿನಿಂದ ಶುರುಮಾಡುತ್ತಾರೆ. ಶಿಮಾನೋನಾ, ಡೈವಾನಾ, ಪೆನ್ನಾ? ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ ಪ್ರಶ್ನೆ. ಶುರುಮಾಡಬೇಕಾದದ್ದು ನೀರಿನ ಆಳದಿಂದ. ಮಾವನ ನಾಡದೋಣಿ ಹೋಗುವ ಕಲ್ಲಿನ ಜಾಗ ಎಷ್ಟು ಆಳ ಅಂತ ಕೇಳಿದೆ. "ಹದಿನೈದು ಮಾರು" ಅಂದರು. ಒಂದು ಮಾರು ಅಂದರೆ ಆರು ಅಡಿ. 90 ಅಡಿ, ಹೆಚ್ಚು ಕಡಿಮೆ 27 ಮೀಟರ್. ಜಿಗ್ಗಿನ ತೂಕಕ್ಕೆ ಒಂದು ಅಂದಾಜಿನ ಸೂತ್ರವಿದೆ: ಒಂದು ಅಡಿ ಆಳಕ್ಕೆ ಒಂದು ಗ್ರಾಂ. ಅಲ್ಲಿಗೆ 90 ಗ್ರಾಂ. ಸೆಳೆತ ಜಾಸ್ತಿ ಇದ್ದ ದಿನ ಸ್ವಲ್ಪ ಭಾರದ್ದು, ನೀರು ನಿಂತ ದಿನ ಸ್ವಲ್ಪ ಹಗುರದ್ದು. ಅಂದರೆ 80, 100, 120 ಗ್ರಾಂ ಜಿಗ್ಗುಗಳು ಸಾಕು. ಈಗ ರಾಡು ತಾನಾಗಿಯೇ ನಿರ್ಧಾರವಾಯಿತು. ರಾಡಿನ ಬುಡದ ಹತ್ತಿರ ಅದು ಎಷ್ಟು ಗ್ರಾಂ ಜಿಗ್ಗಿಗೆ ಅಂತ ಬರೆದಿರುತ್ತದೆ. 60ರಿಂದ 150 ಗ್ರಾಂ ಅಂತ ಇರುವುದು ನಮಗೆ ಸರಿ. 300 ಗ್ರಾಂ ಅಂತ ಇರುವ ರಾಡು ಗಟ್ಟಿ ಅಂತ ಕೊಂಡರೆ, 100 ಗ್ರಾಂ ಜಿಗ್ಗಿಗೆ ಅದು ಬಾಗುವುದೇ ಇಲ್ಲ. ಪೊರಕೆ ಕಡ್ಡಿಯ ಬದಲು ಸಬ್ಬಲು ಹಿಡಿದ ಹಾಗೆ.

ಉದ್ದ ಎಷ್ಟು? ಆರು ಅಡಿ, ಹೆಚ್ಚೆಂದರೆ ಆರೂವರೆ. ದಡದಲ್ಲಿ ನಿಂತು ದೂರ ಎಸೆಯುವವರಿಗೆ ಹತ್ತು ಹನ್ನೆರಡು ಅಡಿಯದ್ದು ಬೇಕು, ದೋಣಿಯಿಂದ ನೇರ ಕೆಳಗೆ ಬಿಡುವವರಿಗೆ ಬೇಡ. ಇದು ಹೈಸ್ಕೂಲಿನ ಸನ್ನೆಗೋಲಿನ ಪಾಠ. ಮೀನು ಎಳೆಯುವುದು ರಾಡಿನ ತುದಿಯನ್ನು, ನಾವು ಹಿಡಿದಿರುವುದು ಬುಡದ ಹತ್ತಿರ. ಕೈಯಿಂದ ತುದಿಗೆ ನಾಲ್ಕಡಿ ಇರುವಲ್ಲಿ ಎಂಟಡಿ ಆದರೆ, ಅದೇ ಮೀನು ಕೈಗೂ ಸೊಂಟಕ್ಕೂ ಎರಡರಷ್ಟು ಭಾರ. ರಾಡು ಚೆನ್ನಾಗಿ ಬಾಗಿದಾಗ ಈ ದೂರ ಇನ್ನೂ ಕಡಿಮೆಯಾಗುತ್ತದೆ, ಅದಕ್ಕೇ ಜಿಗ್ಗಿಂಗ್ ರಾಡುಗಳು ಗಿಡ್ಡ ಮತ್ತು ಬಾಗುವಂಥವು.

ಇನ್ನು ರೀಲು. ಇದರಲ್ಲಿ ಎರಡು ಜಾತಿ. ರಾಡಿನ ಮೇಲೆ ಕೂರುವ ಓವರ್‌ಹೆಡ್ ರೀಲು, ಕೆಳಗೆ ನೇತಾಡುವ ಸ್ಪಿನ್ನಿಂಗ್ ರೀಲು. ಪಳಗಿದವರು ಹೆಚ್ಚಾಗಿ ಮೇಲಿನದ್ದನ್ನು ಹೊಗಳುತ್ತಾರೆ, ಅದಕ್ಕೆ ಕಾರಣವೂ ಇದೆ: ಭಾರ ಎಳೆಯುವ ಶಕ್ತಿ ಜಾಸ್ತಿ, ಜಿಗ್ ಬಿಡುವಾಗ ಹೆಬ್ಬೆರಳಿನಲ್ಲೇ ಹತೋಟಿ. ಆದರೆ ಅಂಥ ಹೆಚ್ಚಿನ ರೀಲುಗಳಲ್ಲಿ ದಾರ ಒಂದೇ ಕಡೆ ಗುಡ್ಡೆಯಾಗದ ಹಾಗೆ ಹೆಬ್ಬೆರಳಿನಿಂದ ಆಚೀಚೆ ತಳ್ಳುತ್ತಾ ಇರಬೇಕು. ಜೊತೆಗೆ ಎಡಗೈಯದ್ದು ಬೇರೆ, ಬಲಗೈಯದ್ದು ಬೇರೆ, ಒಂದನ್ನು ಕೊಂಡ ಮೇಲೆ ಮುಗಿಯಿತು. ಸ್ಪಿನ್ನಿಂಗ್ ರೀಲಿನಲ್ಲಿ ದಾರ ತಾನೇ ಸಮನಾಗಿ ಸುತ್ತಿಕೊಳ್ಳುತ್ತದೆ, ಭಾರ ಬಿದ್ದಾಗ ಮಗುಚಿಕೊಳ್ಳಲು ನೋಡುವುದಿಲ್ಲ, ಹಿಡಿಕೆಯನ್ನು ಬಿಚ್ಚಿ ಯಾವ ಕಡೆಗೆ ಬೇಕಾದರೂ ಹಾಕಬಹುದು. ಅಪ್ಪಯ್ಯನ ಯಾವ ಕೈಗೆ ಯಾವ ಕೆಲಸ ಒಗ್ಗುತ್ತದೆ ಅಂತ ಅಂಗಡಿಯಲ್ಲಿ ನಿಂತು ಹೇಳಲು ಬರುವುದಿಲ್ಲವಲ್ಲ. ಅಲ್ಲಿಗೆ ಸ್ಪಿನ್ನಿಂಗ್ ಅಂತ ತೀರ್ಮಾನವಾಯಿತು. ಹಿಡಿಕೆಯ ತುದಿಯಲ್ಲಿ ಬೆರಳಿನಿಂದ ಹಿಡಿಯುವ ಚಪ್ಪಟೆ ಗುಬ್ಬಿಯ ಬದಲು, ನಿಂಬೆಹಣ್ಣಿನ ಹಾಗೆ ಅಂಗೈ ತುಂಬ ಹಿಡಿಯುವ ಗುಂಡನೆಯ ಗುಬ್ಬಿ ಇರುವುದನ್ನೇ ಹುಡುಕಿದೆ.

ಅಳತೆ 6000. ಈ ನಂಬರನ್ನು ಕಣ್ಣುಮುಚ್ಚಿ ನಂಬಬೇಡಿ, ಒಂದು ಕಂಪನಿಯ 5000 ಇನ್ನೊಂದರ 6000ದಷ್ಟು ಇರುತ್ತದೆ. ಎಷ್ಟು ದಪ್ಪದ ದಾರ ಎಷ್ಟು ಮೀಟರ್ ಹಿಡಿಯುತ್ತದೆ ಅಂತ ಸ್ಪೂಲಿನ ಮೇಲೆ ಬರೆದಿರುವುದನ್ನು ನೋಡಬೇಕು. 27 ಮೀಟರ್ ಆಳಕ್ಕೆ 250 ಮೀಟರ್ ದಾರ ಯಾಕೆ ಅಂತ ಕೇಳಬೇಡಿ. ಅಂಜಲ್ ಓಡುವುದನ್ನು ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಈಗ ನನ್ನ ಪ್ರೀತಿಯ ಗೇರ್ ಲೆಕ್ಕ. (ಮೆಕ್ಯಾನಿಕಲ್ ಡಿಗ್ರಿಗೆ ಜಯವಾಗಲಿ!) ನೋಡಿಟ್ಟ ರೀಲು ಎರಡು ಗೇರ್ ಅನುಪಾತದಲ್ಲಿ ಸಿಗುತ್ತಿತ್ತು, 6.2 ಮತ್ತು 4.9. ಸ್ಪೂಲಿನ ವ್ಯಾಸ 50 ಮಿಲಿಮೀಟರ್, ಸುತ್ತಳತೆ 157. ಮೊದಲನೆಯದು ಹಿಡಿಕೆಯ ಒಂದು ಸುತ್ತಿಗೆ ಸುಮಾರು 97 ಸೆಂಟಿಮೀಟರ್ ದಾರ ಎಳೆಯುತ್ತದೆ, ಎರಡನೆಯದು 77. 27 ಮೀಟರಿಗೆ 28 ಸುತ್ತು, ಇಲ್ಲವೇ 35 ಸುತ್ತು. ವೇಗದ್ದೇ ಒಳ್ಳೆಯದು ಅನ್ನಿಸುತ್ತದೆ ಅಲ್ಲವೇ? ಆದರೆ ಮೀನು ಮೂರೂವರೆ ಕೆಜಿ ಬಲದಲ್ಲಿ ಎಳೆಯುತ್ತಿದೆ ಅಂದುಕೊಳ್ಳಿ, ಹಿಡಿಕೆಯ ಉದ್ದ 60 ಮಿಲಿಮೀಟರ್. 6.2ರಲ್ಲಿ ಕೈಗೆ ಬೀಳುವ ಹೊರೆ ಸುಮಾರು 9 ಕೆಜಿ, 4.9ರಲ್ಲಿ 7 ಕೆಜಿ ಚಿಲ್ಲರೆ. ಏಳು ಸುತ್ತು ಜಾಸ್ತಿ ಸುತ್ತಿದರೆ ಎರಡು ಕೆಜಿ ಕಡಿಮೆ. ಅಪ್ಪಯ್ಯನಿಗೆ ಅವಸರವಿಲ್ಲ, 4.9 ತಗೊಂಡೆ. ಯಾವುದೇ ಇರಲಿ, ಭಾರ ಬಿದ್ದಾಗ ರೀಲಿನಿಂದ ಎಳೆಯಬಾರದು. ರಾಡಿನಿಂದ ಎತ್ತಿ, ಇಳಿಸುವಾಗ ಸಡಿಲವಾದ ದಾರವನ್ನು ಸುತ್ತಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ತುಂಡಾಗದೆ, ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ವ್ಯವಸ್ಥೆ. ಒಳಗಿರುವುದು ಒಂದರ ಮೇಲೊಂದು ಒತ್ತಿಕೊಂಡ ಕೆಲವು ಬಿಲ್ಲೆಗಳು, ಸ್ಕೂಟರಿನ ಕ್ಲಚ್ಚಿನ ಹಾಗೆ. ಡಬ್ಬದ ಮೇಲೆ 12 ಕೆಜಿ, 15 ಕೆಜಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಹೊಸಬರಿಗೆ ಅದರ ಅಗತ್ಯವಿಲ್ಲ. ನಾನು ಹಾಕಿದ್ದು 30 ಪೌಂಡಿನ ಹೆಣೆದ ದಾರ, ಅಂದರೆ 13.6 ಕೆಜಿಗೆ ತುಂಡಾಗುವಂಥದ್ದು. ಡ್ರ್ಯಾಗ್ ಇಡಬೇಕಾದದ್ದು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಮೂರೂವರೆಯಿಂದ ನಾಲ್ಕೂವರೆ ಕೆಜಿ. ಎಷ್ಟು ಕೆಜಿ ಅನ್ನುವುದಕ್ಕಿಂತ ಎಷ್ಟು ನುಣುಪು ಅನ್ನುವುದು ಮುಖ್ಯ. ಎಳೆದಾಗ ತಡೆತಡೆದು ಜಗ್ಗಿ ಬಿಡುವ ರೀಲು ಬೇಡವೇ ಬೇಡ.

ನನ್ನ ಬಜೆಟ್ ಹದಿನೈದು ಸಾವಿರ. ಹಂಚಿದ್ದು ಹೀಗೆ: ರೀಲಿಗೆ 7000, ರಾಡಿಗೆ 4500, ದಾರಕ್ಕೆ 1800, ಜಿಗ್ಗು ಕೊಕ್ಕೆ ಲೀಡರ್‌ಗಳಿಗೆ 1700. ರಾಡಿನಲ್ಲಿ ಉಳಿಸಬಹುದು, ದಾರದಲ್ಲಿ ಉಳಿಸಬಾರದು. ಹೆಣೆದ ದಾರದ ತುದಿಗೆ ಒಂದೆರಡು ಮೀಟರ್ 40 ಪೌಂಡಿನ ಫ್ಲೂರೋಕಾರ್ಬನ್ ಲೀಡರ್ ಕಟ್ಟಬೇಕು, ಕಲ್ಲಿಗೆ ಉಜ್ಜಿದರೆ ಹೆಣೆದ ದಾರ ತಡೆಯುವುದಿಲ್ಲ. ಎರಡನ್ನೂ ಸೇರಿಸಲು ಎಫ್‌ಜಿ ಗಂಟು ಅಂತ ಒಂದಿದೆ. ಅದನ್ನು ಕಲಿಯಲು ನನಗೆ ಹಿಡಿದ ಸಮಯದಲ್ಲಿ ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಲಿಯಬಹುದಿತ್ತು.

ಚೌತಿಗೆ ಊರಿಗೆ ಹೋದಾಗ ಎಲ್ಲವನ್ನೂ ತೆಗೆದುಕೊಂಡು ಹೋದೆ. ರಾಡಿನ ಉದ್ದ ನೋಡಿ ಅಪ್ಪಯ್ಯ ಕೇಳಿದ್ದು, "ಇದ್ ಎಂತಾ ಮಾರಾಯ, ಮೀನ್ ಹಿಡುಕಾ, ಗೇರ್ ಹಣ್ಣ್ ಕೊಯ್ಯುಕಾ?" ಬೆಲೆ ಕೇಳಿದರು. ಅರ್ಧ ಹೇಳಿದೆ. ಅದಕ್ಕೂ ಬೈದರು.

ಲಗೇಜು ತೂಗುವ ಕೈತಕ್ಕಡಿ ತಂದು, ಅಂಗಳದಲ್ಲಿ ದಾರಕ್ಕೆ ಸಿಕ್ಕಿಸಿ ಡ್ರ್ಯಾಗ್ ಹೇಗೆ ಇಡುವುದು ಅಂತ ಅವರಿಗೆ ವಿವರಿಸತೊಡಗಿದೆ. ಅವರು ತಕ್ಕಡಿಯನ್ನು ಪಕ್ಕಕ್ಕಿಟ್ಟರು. ದಾರವನ್ನು ಬಟ್ಟೆಯಲ್ಲಿ ಸುತ್ತಿ ಎಡಗೈಯಿಂದ ಎಳೆದರು, ತಿರುಗಣೆ ಒಂಚೂರು ತಿರುಗಿಸಿದರು, ಮತ್ತೆ ಎಳೆದರು. ನಾಲ್ಕೈದು ಸಲ ಹೀಗೆ ಮಾಡಿ, "ಹೀಂಗೇ ಇರ್ಲಿ" ಅಂದರು. ನನಗೆ ತಡೆಯಲಾಗಲಿಲ್ಲ, ತಕ್ಕಡಿ ಸಿಕ್ಕಿಸಿ ನೋಡಿದೆ. 3 ಕೆಜಿ 600 ಗ್ರಾಂ.

ನಾನು ಎರಡು ತಿಂಗಳು ಓದಿದ್ದು ಅವರ ಬೆರಳಿಗೆ ಮೊದಲೇ ಗೊತ್ತಿತ್ತು. "ಮೀನ್ ಎಳುವತ್ತಿಗೆ ಬಿಡ್ಕ್, ಅದ್ ನಿಂತ್ ಕೂಡ್ಲೆ ನಾವ್ ಎಳಿಕ್" ಅಂತ ಅವರೇ ನನಗೆ ಪಾಠ ಮಾಡಿದರು. ಡ್ರ್ಯಾಗ್ ಬಗ್ಗೆ ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೊಸಬರಿಗೆ ಅಂತ ಕೊಂಡ ಸಾಮಾನು ಹಳಬರ ಕೈಯಲ್ಲಿ ಹೀಗೆ ಕೂತುಕೊಂಡಿತು. ರೀಲು ಮಾಡುವವರು ಲೋಹದಲ್ಲಿ ಮಾಡಿಟ್ಟಿರುವುದು ಗಾಳದವನ ಬೆರಳನ್ನೇ ಅಂತ ಆವತ್ತು ಅನ್ನಿಸಿತು. ಒಂದೇ ವ್ಯತ್ಯಾಸ, ಇದು ಕುಯ್ದರೆ ರಕ್ತ ಬರುವುದಿಲ್ಲ.

ನವೆಂಬರಿನಲ್ಲಿ ಕಡಲು ತಣ್ಣಗಾದ ಮೇಲೆ ಮಾವನ ದೋಣಿಯಲ್ಲಿ ಮೂವರೂ ಹೋದೆವು. ಹಿಡಿಕೆ ಮೊದಲು ಎಡಕ್ಕಿತ್ತು. ರಾಡಿನ ಭಾರ ಬಲಗೈಗೆ ಬಿದ್ದು ಅವರಿಗೆ ಹಿತವಾಗಲಿಲ್ಲ, ದೋಣಿಯಲ್ಲೇ ಬಲಕ್ಕೆ ಬದಲಾಯಿಸಿದೆವು. ರಾಡು ಎಡಗೈಯಲ್ಲಿ, ಬುಡ ಕಂಕುಳಲ್ಲಿ, ಗುಂಡು ಗುಬ್ಬಿ ಬಲ ಅಂಗೈಯಲ್ಲಿ. ಎರಡು ಜಿಗ್ಗು ಕಲ್ಲಿಗೆ ಸಿಕ್ಕಿ ಹೋದವು. ಹನ್ನೊಂದರ ಹೊತ್ತಿಗೆ ಟ್ರೆವಲ್ಲಿ ಜಾತಿಯ ಒಂದು ಮೀನು ಕಚ್ಚಿತು, ಎರಡು ಕೆಜಿ ಇದ್ದೀತು. ದೊಡ್ಡದೇನಲ್ಲ. ರೀಲು ಕಿರ್ರೆಂದು ದಾರ ಬಿಡುತ್ತಿದ್ದಾಗ ಅಪ್ಪಯ್ಯ ತಮ್ಮ ಆ ಎರಡು ಬೆರಳುಗಳನ್ನು ನೋಡಿಕೊಂಡರು. ಆಮೇಲೆ ನೀರು ನೋಡಿದರು. ನಾವ್ಯಾರೂ ಏನೂ ಮಾತಾಡಲಿಲ್ಲ.

ಮನೆಗೆ ಬಂದು ಮಾಡಬೇಕಾದ ಕೆಲಸವನ್ನೂ ಹೇಳಿಬಿಡುತ್ತೇನೆ: ಡ್ರ್ಯಾಗ್ ಬಿಗಿ ಮಾಡಿ, ಮೆಲ್ಲನೆ ಸುರಿಯುವ ಸಿಹಿನೀರಿನಲ್ಲಿ ರೀಲು ತೊಳೆಯಬೇಕು. ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪು ಒಳಗೇ ಹೋಗುತ್ತದೆ. ಒರೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿಡಬೇಕು, ಇಲ್ಲದಿದ್ದರೆ ಬಿಲ್ಲೆಗಳು ಒತ್ತಿಕೊಂಡೇ ಇದ್ದು ಹಾಳಾಗುತ್ತವೆ. ಇದನ್ನೆಲ್ಲ ಅಪ್ಪಯ್ಯ ನನಗಿಂತ ಶ್ರದ್ಧೆಯಿಂದ ಮಾಡುತ್ತಾರಂತೆ, ಅಮ್ಮ ಹೇಳಿದ್ದು.

ಮೊನ್ನೆ ಅವರೇ ಫೋನ್ ಮಾಡಿದರು. ಸಾಮಾನ್ಯವಾಗಿ ಮಾಡುವವರಲ್ಲ. ಊಟ ಆಯ್ತಾ, ಮಳೆ ಉಂಟಾ ಎಲ್ಲ ಆದ ಮೇಲೆ, "ಮುಂದಿನ್ ಸಲ ಬಪ್ಪತ್ತಿಗೆ ಆ ಸೀಸದ್ ಮೀನ್ ನಾಕ್ ತಕಂಡ್ ಬಾ" ಅಂದರು.

ನಾಲ್ಕಲ್ಲ, ಎಂಟು ಆರ್ಡರ್ ಮಾಡಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಕಲ್ಲಿಗೆ ಸಿಕ್ಕಿದ ಜಿಗ್ ಬಿಡಿಸುವ ಉಪಾಯ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈ ವೇಗದಲ್ಲಿ ಹೋದರೆ ನನ್ನ ಸಂಬಳ ಸಾಲದು :-)